ಪಾಕ ಬಂತೇ?

ಸಿಹಿ ಮಾಡುವ ಮನೆಯಲ್ಲಿ ಒಲೆಯ ಮುಂದೆ ಕೇಳುವ ಮೊದಲ ಪ್ರಶ್ನೆ ಇದೇ. ಪಾಕ ಎಂಬುದು ಬಾಣಲೆಯಲ್ಲಿರುವ ವಸ್ತುವಿನ ಹೆಸರೂ ಹೌದು, ಅದು ಮುಟ್ಟಿದ ಹದದ ಹೆಸರೂ ಹೌದು. ಜಾಮೂನಿಗೆ ಅಂಟು ಪಾಕ ಸಾಕು. ಮೈಸೂರುಪಾಕಿಗೆ ಬೆರಳುಗಳ ನಡುವೆ ಒಂದೆಳೆ ಬರಬೇಕು. ಕಜ್ಜಾಯದ ಬೆಲ್ಲದ ಪಾಕ ನೀರಿಗೆ ಬಿಟ್ಟರೆ ಬೆರಳಲ್ಲಿ ಉಂಡೆಯಾಗಬೇಕು. ಚಿಕ್ಕಿಯದಾದರೆ ಗಟ್ಟಿಯಾದ ಹನಿ ತಟ್ಟೆಗೆ ಹಾಕಿದಾಗ ಟಣ್ ಎನ್ನಬೇಕು.

ನೀರು ಆವಿಯಾದಷ್ಟೂ ಸಕ್ಕರೆಯ ಪಾಲು ಏರುತ್ತದೆ, ಜೊತೆಗೆ ಕುದಿಬಿಂದುವೂ ಏರುತ್ತದೆ. ಸಕ್ಕರೆಯ ಉಂಡೆ ಪಾಕಕ್ಕೆ ಸುಮಾರು 115 ಡಿಗ್ರಿ ಸೆಲ್ಸಿಯಸ್, ಚಿಕ್ಕಿಯಂತೆ ಮುರಿಯುವ ಪಾಕಕ್ಕೆ 150ರ ಆಸುಪಾಸು ಎಂದು ಪುಸ್ತಕಗಳು ಹೇಳುತ್ತವೆ. ಇವು ಸಮುದ್ರಮಟ್ಟದ ಲೆಕ್ಕ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. ಪಾಕದ ಅಂಕಿಗಳೂ ಹಾಗೆಯೇ ಇಳಿಯುತ್ತವೆ. ಎಳೆ ಮಾತ್ರ ಎರಡೂ ಊರಲ್ಲಿ ಒಂದೇ. ಏಕೆಂದರೆ ಬೆರಳು ಅಳೆಯುವುದು ಬಿಸಿಯನ್ನಲ್ಲ, ನೀರಿಗೆ ಸಕ್ಕರೆ ಎಷ್ಟಿದೆ ಎಂಬುದನ್ನು.

ಒಲೆಯಿಂದ ಇಳಿಸಿದ ಮೇಲೂ ಪಾಕ ಬದಲಾಗುತ್ತಲೇ ಇರುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಅದನ್ನು ಕೈಯಾಡಿಸಿ ಹರಳುಗಟ್ಟಿಸುತ್ತೇವೆ. ಜಾಮೂನಿನ ಪಾಕಕ್ಕೆ ನಿಂಬೆರಸ ಹಿಂಡುವುದು ಹರಳುಗಟ್ಟದಿರಲಿ ಎಂದು. ಹುಳಿ ಬಿದ್ದರೆ ಸಕ್ಕರೆಯ ಒಂದಿಷ್ಟು ಪಾಲು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಇವು ಉಳಿದ ಅಣುಗಳು ಸಾಲುಗೂಡದಂತೆ ಅಡ್ಡ ಬರುತ್ತವೆ. ಚಿಕ್ಕಿಯಲ್ಲಂತೂ ಸಾಲುಗೂಡಲು ಪುರುಸೊತ್ತೇ ಇಲ್ಲದೆ ಅಣುಗಳು ಗಾಜಿನ ಹಾಗೆ ಬಿಗಿದುಬಿಡುತ್ತವೆ.

ಪಾಕ ಎಂಬ ಪದ ಸಂಸ್ಕೃತದ ‘ಪಚ್’ ಧಾತುವಿನಿಂದ ಬಂದದ್ದು. ಬೇಯುವುದು, ಹಣ್ಣಾಗುವುದು, ಅರಗುವುದು ಎಲ್ಲವೂ ಅದರೊಳಗಿವೆ. ಹಾಗಾಗಿಯೇ ನಳಪಾಕ, ಪಕ್ವ ಫಲ, ಪಚನ ಮೂರೂ ಒಂದೇ ಬಳಗದವು. ಕಾವ್ಯ ಮೀಮಾಂಸೆಯೂ ಇದನ್ನು ಕರೆದುಕೊಂಡಿತು: ಬಾಯಿಗಿಟ್ಟೊಡನೆ ರಸವಾಗುವ ಶೈಲಿ ದ್ರಾಕ್ಷಾಪಾಕ, ಸುಲಿದು ತಿನ್ನಬೇಕಾದದ್ದು ಕದಳೀಪಾಕ, ಒಡೆದು ತೆಗೆಯಬೇಕಾದದ್ದು ನಾರಿಕೇಳಪಾಕ.

ಘನ, ದ್ರವ, ಅನಿಲ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಆದರೆ ವಸ್ತು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವ ದಾರಿಯ ಒಂದೊಂದು ಮಜಲಿಗೂ ನಮ್ಮ ಅಡುಗೆಮನೆ ಹೆಸರಿಟ್ಟಿದೆ. ಸಾಂದ್ರತೆ, ಸ್ನಿಗ್ಧತೆ ಎಂಬ ಪಾಠಗಳು ಅಂಟು ಪಾಕ, ಎಳೆ ಪಾಕಗಳಿಂದ ಶುರುವಾದರೆ ಮಕ್ಕಳಿಗೆ ವಿಜ್ಞಾನ ಪರಭಾಷೆ ಅನಿಸುವುದಿಲ್ಲ.