ಬೇಸಿಗೆ ಮನೆಯ ಬಾಗಿಲು ಯಾರಿಗೆ?



ಬೇಸಿಗೆ ಶಿಬಿರ ಹತ್ತಿರ ಬಂತು. ಶನಿವಾರ ನಾವು ಕಂಬಳಿಗಳನ್ನು ಬಿಸಿಲಿಗೆ ಹಾಕಿದೆವು, ನೀರಿನ ಟ್ಯಾಂಕ್ ತೊಳೆದೆವು, ಕೊನೆಗೆ ಹೆಸರಿನ ಪಟ್ಟಿ ಓದಿದೆವು. ಎಲ್ಲರೂ ಬೆಟ್ಟದ ಕೆಳಗಿನ ಊರುಗಳ ಮಕ್ಕಳೇ. ಪಕ್ಕದ ಹಟ್ಟಿಯಿಂದ ಒಂದು ಹೆಸರೂ ಇಲ್ಲ. ಆಗ ಕೆತ್ತಿಯ ಚರಿತ್ರೆ ನೆನಪಾಯಿತು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿ ಬಂದರು. ಮುಂದೆ ನೀಲಗಿರಿ ಬ್ರಿಟಿಷರಿಗೆ ಬಿಸಿಲು ತಪ್ಪಿಸಿಕೊಳ್ಳುವ, ಆರೋಗ್ಯ ಸುಧಾರಿಸಿಕೊಳ್ಳುವ ಸ್ಥಳವಾಯಿತು. ಮದ್ರಾಸಿನ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಊಟಿ ಹತ್ತಿರದ ಕೆತ್ತಿ ಕಣಿವೆಯಲ್ಲಿ ಮನೆ ಕಟ್ಟಿಸಿದರು. ಸುತ್ತಲೂ ಬಡಗರ ಹಟ್ಟಿಗಳಿದ್ದವು. ಆದರೆ ಆ ಮನೆ ಅವರಿಗಾಗಿ ಕಟ್ಟಿದ್ದಲ್ಲ.

ಮುಂದೆ ಅದು ನಿವೃತ್ತ ಅಧಿಕಾರಿ ಜಾರ್ಜ್ ಕ್ಯಾಸಮೇಜರ್ ಅವರ ಕೈಗೆ ಬಂತು. ಅವರು ಬಡಗ ಮಕ್ಕಳಿಗೆ ಶಾಲೆ ತೆರೆದರು. 1846ರಲ್ಲಿ ಬಾಸೆಲ್ ಮಿಷನ್ನಿನವರು ಕೆತ್ತಿಗೆ ಬಂದರು. 1849ರಲ್ಲಿ ತೀರಿಕೊಂಡ ಕ್ಯಾಸಮೇಜರ್ ತಮ್ಮ ಆಸ್ತಿಯ ಬಹುಪಾಲನ್ನು ಮಿಷನ್ನಿಗೇ ಬಿಟ್ಟುಹೋದರು. ಮಿಷನರಿ ಮೆಟ್ಸ್ ಹಟ್ಟಿಯಿಂದ ಹಟ್ಟಿಗೆ ನಡೆದು ಜನರ ಮಾತು ಕಲಿತರು. ಆದರೂ ಮೊದಲ ಬಡಗ ದೀಕ್ಷಾಸ್ನಾನಕ್ಕೆ 1858ರವರೆಗೆ ಕಾಯಬೇಕಾಯಿತು. 1890ರಲ್ಲಿ ಲೂಕನ ಸುವಾರ್ತೆ ಬಡಗ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಯಿತು.

ಗವರ್ನರರ ಬೇಸಿಗೆ ಮನೆ ನೆರೆಯವರ ಮಕ್ಕಳಿಗೆ ತೆರೆದದ್ದು ಹೀಗೆ. ಗುಡಿಸಿ ತೊಳೆದರಷ್ಟೇ ಶಿಬಿರ ಸಿದ್ಧವಾಗುವುದಿಲ್ಲ ಎಂದು ನಮಗೂ ಅನಿಸಿತು. ಈ ಭಾನುವಾರ ಆರಾಧನೆ ಮುಗಿದ ಮೇಲೆ ಹಟ್ಟಿಗೆ ಹೋಗಿ ಮನೆಮನೆಗೂ ಹೇಳಿ ಬರೋಣ. ಹತ್ತು ಹಾಸಿಗೆ ಆ ಮಕ್ಕಳಿಗೆಂದೇ ಇಟ್ಟಿದ್ದೇವೆ. ಶುಲ್ಕವನ್ನು ನಾವೇ ಹಂಚಿಕೊಳ್ಳೋಣ. ನೀವೂ ಬನ್ನಿ.