ಮಿತವ್ಯಯದ ಅಶ್ವಶಕ್ತಿ: ಮೈಸೂರಿನ ಜಾವಾ-ಯೆಜ್ಡಿ ಎಂಜಿನಿನ ಚರಿತ್ರೆಯಿಂದ ಒಂದು ಪ್ರಕರಣ

ವಿಜಯನಗರದ ಇತಿಹಾಸವನ್ನು ಓದಿದವರಿಗೆ ಕುದುರೆಯ ಪ್ರಸ್ತಾಪವು ಹೊಸತಲ್ಲ. ಪೋರ್ಚುಗೀಸನಾದ ಫೆರ್ನಾವೊ ನೂನಿಜನು ಹೇಳುವಂತೆ, ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್ನುಗಳಿಂದ ಬಂದ ಕುದುರೆಗಳನ್ನು ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದನು. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನು. ರಾಜ್ಯದ ಬಲವು ಸಮುದ್ರದಾಚೆಯಿಂದ ಬರುತ್ತಿದ್ದುದರಿಂದ ಬೊಕ್ಕಸವು ಬಾಲಕ್ಕೂ ಬೆಲೆ ತೆರಬೇಕಾಯಿತು. ಯಂತ್ರದ ಬಲವನ್ನು ನಾವು ಇಂದಿಗೂ ಅಶ್ವಶಕ್ತಿಯಲ್ಲಿಯೇ ಅಳೆಯುತ್ತೇವೆ. ಬೊಕ್ಕಸವಿಲ್ಲದವನು ತನ್ನಲ್ಲಿರುವ ಯಂತ್ರದಿಂದಲೇ ಹೆಚ್ಚು ಅಶ್ವಶಕ್ತಿಯನ್ನು ಪಡೆಯುವ ಬಗೆ ಯಾವುದು? ಕರ್ನಾಟಕದಲ್ಲಿ ತಯಾರಾದ ಒಂದು ಮೋಟಾರು ಸೈಕಲ್ಲಿನ ಚರಿತ್ರೆಯು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಪ್ರಕೃತ ಲೇಖನದ ವಿಷಯವು ಅದೇ.

ಹೊಸಪೇಟೆಯ ಸುತ್ತಿನ ಭೂಮಿಯು ಈ ಪ್ರಶ್ನೆಯನ್ನು ಎರಡು ರೀತಿಯಲ್ಲಿ ಕೇಳುತ್ತದೆಂಬುದು ಗಮನಾರ್ಹ. ಇಲ್ಲಿಂದ ಕಮಲಾಪುರದ ಮೇಲೆ ಕಂಪ್ಲಿಗೆ ಹೋಗುವ ದಾರಿಯು ವಿಜಯನಗರದ ಕಾಲದ ಕಾಲುವೆಗಳು ಹರಿಯುವ, ಬಾಳೆ, ಕಬ್ಬು, ಭತ್ತಗಳ ಬಯಲಿನಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿ ಸಾಗುತ್ತದೆ. ಅಲ್ಲಿ ಸವಾರನು ಬಯಸುವುದು ವೇಗವನ್ನು. ಸಂಡೂರಿನ ದಾರಿಯಾದರೋ ಅದಿರಿನ ಗುಡ್ಡಗಳ ನಡುವೆ ಏರಿ ಇಳಿಯುತ್ತದೆ. ಸುತ್ತಲೂ ಬೆಟ್ಟಗಳಿಂದ ಆವೃತವಾದ ಆ ಕಣಿವೆಯಲ್ಲಿ, ಹಿಂದೊಬ್ಬ ಸವಾರನನ್ನೂ ಒಂದು ಮೂಟೆಯನ್ನೂ ಹೊತ್ತ ಬಂಡಿಗೆ ಬೇಕಾದುದು ಎಳೆತ. ವೇಗವೂ ಎಳೆತವೂ ಒಂದೇ ಎಂದು ಭಾವಿಸುವುದರಿಂದಲೇ ಬಹುಮಟ್ಟಿನ ಹಣವು ವ್ಯರ್ಥವಾಗುತ್ತದೆ. 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು, ಸಂಡೂರಿನ ಮ್ಯಾಂಗನೀಸು ಮತ್ತು ಕಬ್ಬಿಣದ ಗಣಿಗಳು, ಹೊಸಪೇಟೆಯ ಸಕ್ಕರೆ ಕಾರ್ಖಾನೆ, ಇವು ಲೇತು ಯಂತ್ರವನ್ನೂ ಅದನ್ನು ನಡೆಸಬಲ್ಲ ಕೈಗಳನ್ನೂ ಈ ನಾಡಿಗೆ ಪರಿಚಯಿಸಿದವು. ನಮ್ಮ ಇತಿಹಾಸಕಾರರು ಹಂಪಿಯ ಕಲ್ಲುಕುಟಿಗನಿಗೆ ಕೊಟ್ಟ ಗಮನದ ನೂರರಲ್ಲೊಂದು ಪಾಲನ್ನಾದರೂ ಈ ಕೈಗಳಿಗೆ ಕೊಡಬಹುದಾಗಿತ್ತು.

1950ರ ದಶಕದಲ್ಲಿ ಮುಂಬಯಿಯ ಇರಾನಿ ಕುಟುಂಬದವರು ಚೆಕೊಸ್ಲೊವಾಕಿಯದ ಜಾವಾ ಬಂಡಿಗಳನ್ನು ಆಮದು ಮಾಡಿ ಮಾರುತ್ತಿದ್ದರು. ವಿದೇಶಿ ವಿನಿಮಯದ ಅಭಾವದಿಂದ ಸರ್ಕಾರವು ಆಮದನ್ನು ಬಿಗಿಗೊಳಿಸಿದಾಗ, ಲೈಸೆನ್ಸು ಪಡೆದು ಬಂಡಿಯನ್ನು ಇಲ್ಲಿಯೇ ತಯಾರಿಸುವುದು ಅನಿವಾರ್ಯವಾಯಿತು. ಹೀಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ತಲೆಯೆತ್ತಿತು. ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು; 1961ರಲ್ಲಿ ಬಂಡಿಗಳು ಹೊರಬರತೊಡಗಿದವು. 1973ರಿಂದ ಅವುಗಳ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿಯು ಬಂದಿತು.

ಈ ಎರಡು ತುದಿಗಳನ್ನು ಹೋಲಿಸಿ ನೋಡಬೇಕು. ಮೊದಲ 250ರ ಜಾವಾ ಎಂಜಿನಿನ ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ನಡೆ 75 ಮಿಲಿಮೀಟರು, ಗಾತ್ರ 248.5 ಘನ ಸೆಂಟಿಮೀಟರು, ಬಲ 12 ಅಶ್ವಶಕ್ತಿ. ರೋಡ್‌ಕಿಂಗ್ ಎಂಜಿನಿನ ವ್ಯಾಸ, ನಡೆ, ಗಾತ್ರಗಳು ಅವೇ; ಬಲ ಮಾತ್ರ 16 ಅಶ್ವಶಕ್ತಿ. ಇದು ಮೂರರಲ್ಲೊಂದು ಭಾಗದ ಏರಿಕೆ. ಅಶ್ವಶಕ್ತಿಯೆಂದರೆ ತಿರುಚುಬಲವನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿದ ಮೊತ್ತವೆಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ತಿಳಿದಿದೆ. ಎರಡು ಎಂಜಿನುಗಳೂ ತಮ್ಮ ಪರಮಾವಧಿ ಬಲವನ್ನು ನಿಮಿಷಕ್ಕೆ 5,000 ಸುತ್ತುಗಳೊಳಗೇ ಕೊಡುತ್ತಿದ್ದುದರಿಂದ, ಏರಿಕೆಯು ವೇಗವಾಗಿ ಸುತ್ತಿದ್ದರಿಂದ ಬಂದುದಲ್ಲ. ಪ್ರತಿಯೊಂದು ಸುತ್ತಿನಲ್ಲಿಯೂ ಎಂಜಿನು ಹೆಚ್ಚು ಮಿಶ್ರಣವನ್ನು ಹಿಡಿದಿಟ್ಟುಕೊಂಡು ಹೆಚ್ಚು ಚೆನ್ನಾಗಿ ಸುಟ್ಟುದರಿಂದ ಬಂದಿತೆಂದು ನಿರ್ಧರಿಸಬೇಕಾಗುತ್ತದೆ. ಸಂಕ್ಷೇಪವಾಗಿ ಹೇಳುವುದಾದರೆ, ಮೈಸೂರಿನ ಎಂಜಿನು ದೊಡ್ಡದಾಗಲಿಲ್ಲ. ಅದರ ಉಸಿರಾಟವು ಸುಧಾರಿಸಿತು.

ಉಸಿರಾಟವೆಂಬ ಮಾತನ್ನು ಸ್ವಲ್ಪ ವಿವರಿಸುವುದು ಅವಶ್ಯ. ಟೂ-ಸ್ಟ್ರೋಕ್ ಎಂಜಿನಿನಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆಯುತ್ತದೆ, ಮುಚ್ಚುತ್ತದೆ. ಸುಟ್ಟ ಹೊಗೆಯು ಒಂದು ಕಿಂಡಿಯಿಂದ ಹೊರಡುವಾಗಲೇ ಹೊಸ ಮಿಶ್ರಣವು ಇನ್ನೊಂದರಿಂದ ಒಳನುಗ್ಗುತ್ತದೆ; ಅತಿಥಿಯು ಹೊರಡುವ ಬಾಗಿಲಿನಿಂದಲೇ ಮನೆಯವರೂ ಹೊರಬೀಳುವಂತೆ, ಹೊಸ ಮಿಶ್ರಣದ ಒಂದಂಶವು ಹೊಗೆಯೊಡನೆ ಕಳೆದುಹೋಗುತ್ತದೆ. ಈ ನಷ್ಟವನ್ನು ತಡೆಯುವ ವಿದ್ಯೆಯು ಪ್ರೌಢಾವಸ್ಥೆಯನ್ನು ಮುಟ್ಟಿದುದು ಶ್ರೀಮಂತ ದೇಶದಲ್ಲಲ್ಲವೆಂಬುದು ಚರಿತ್ರೆಯ ವಿಶೇಷ. ಪೂರ್ವ ಜರ್ಮನಿಯ ಚೋಪಾವ್ ಎಂಬ ಸಣ್ಣ ಊರಿನ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರನು ಹಣ, ಸಾಮಗ್ರಿಗಳ ಕೊರತೆಯ ನಡುವೆ ಹೊಗೆಕೊಳವೆಯನ್ನು ಅಭ್ಯಸಿಸಿದನು. ಕೊಳವೆಯ ಹೊಟ್ಟೆಯನ್ನು ಹಿಗ್ಗಿಸಿ ತುದಿಯನ್ನು ಕುಗ್ಗಿಸಿದರೆ, ಹೊಗೆಯೊಡನೆ ಹೊರಟ ಒತ್ತಡದ ಅಲೆಯು ಪ್ರತಿಧ್ವನಿಯಂತೆ ಹಿಂದಿರುಗಿ, ತಪ್ಪಿಸಿಕೊಳ್ಳುವ ಮಿಶ್ರಣವನ್ನು ಮರಳಿ ಸಿಲಿಂಡರಿನೊಳಕ್ಕೆ ನೂಕುತ್ತದೆ. 1961ರಲ್ಲಿ, ಎಂದರೆ ಮೈಸೂರಿನ ಜಾವಾ ರಸ್ತೆಗಿಳಿದ ವರ್ಷವೇ, ಕಾಡೆನ್ನನ 125 ಘನ ಸೆಂಟಿಮೀಟರಿನ ಪಂದ್ಯದ ಎಂಜಿನು 25 ಅಶ್ವಶಕ್ತಿಯನ್ನು, ಲೀಟರಿಗೆ ಎಣಿಸಿದರೆ 200ನ್ನು ಮುಟ್ಟಿತು. ಅದೇ ಲೆಕ್ಕದಲ್ಲಿ ಜಾವಾದ ಬಲ ಸುಮಾರು 48, ರೋಡ್‌ಕಿಂಗಿನದು ಸುಮಾರು 64. ಅದೇ ವರ್ಷ ಕಾಡೆನ್ನನ ಸವಾರನಾದ ಅರ್ನ್ಸ್ಟ್ ಡೆಗ್ನರನು ಸ್ವೀಡನ್ನಿನ ಪಂದ್ಯದ ಸಂದರ್ಭದಲ್ಲಿ ಪಶ್ಚಿಮಕ್ಕೆ ಪಲಾಯನ ಮಾಡಿ ಜಪಾನಿನ ಸುಜುಕಿ ಸಂಸ್ಥೆಯನ್ನು ಸೇರಿದನು. 1962ರಲ್ಲಿ ಸುಜುಕಿಯ ಪರವಾಗಿ 50ರ ವರ್ಗದ ವಿಶ್ವ ಪ್ರಶಸ್ತಿಯನ್ನು ಗೆದ್ದನು. ಬಡವನ ವಿದ್ಯೆಯು ಸಿರಿವಂತನ ಮನೆಯನ್ನು ಸೇರಿದ ಕಥೆಗಳಲ್ಲಿ ಇದೂ ಒಂದು.

ಆದರೆ ಹಿಂದಿರುಗುವ ಅಲೆಯು ಸಕಾಲದಲ್ಲಿ ಬಂದರೆ ಮಾತ್ರ ಪ್ರಯೋಜನ. ಕೊಳವೆಯ ಉದ್ದವನ್ನು ಒಂದು ವೇಗಕ್ಕೆ ಹೊಂದಿಸಿದರೆ ಉಳಿದ ವೇಗಗಳಲ್ಲಿ ಅದು ಉಪಕಾರಕ್ಕೆ ಬದಲು ಅಪಕಾರವನ್ನೇ ಮಾಡಬಹುದು. ಕಂಪ್ಲಿಯ ಬಯಲಿನಲ್ಲಿ ಒಂದೇ ವೇಗದಲ್ಲಿ ಓಡುವವನಿಗೆ ಈ ಇಕ್ಕಟ್ಟು ತೋರದು. ಸಂಡೂರಿನ ಏರಿನಲ್ಲಿ ಸುತ್ತುಗಳು ಇಳಿಯುತ್ತಲೇ ಬಲವೂ ಕುಸಿಯುತ್ತದೆ. ಕಿಂಡಿಯ ಮೇಲಂಚನ್ನು ಅರದಿಂದ ಉಜ್ಜಿ ಎತ್ತರಿಸುವುದಕ್ಕೂ ಇದೇ ಆಕ್ಷೇಪಣೆ ಸಲ್ಲುತ್ತದೆ. ಉಜ್ಜಿದ ಲೋಹವನ್ನು ಮರಳಿ ಅಂಟಿಸಲು ಬರುವುದಿಲ್ಲವೆಂಬುದನ್ನೂ ನೆನಪಿಡಬೇಕು. ಸೈಲೆನ್ಸರಿನ ಒಳಗಿನ ತಗಡನ್ನು ಕಿತ್ತೆಸೆದು ಸದ್ದನ್ನು ಹೆಚ್ಚಿಸಿದವರು ಬಲ ಹೆಚ್ಚಿತೆಂದು ನಂಬುವುದುಂಟು. ಕಿವಿಗೆ ಆದ ಲಾಭವನ್ನು ಅಶ್ವಶಕ್ತಿಯ ಲೆಕ್ಕಕ್ಕೆ ಸೇರಿಸಲಾಗದು.

ಹಾಗಾದರೆ ಅಲ್ಪವೆಚ್ಚದಲ್ಲಿ ಸಾಧ್ಯವಾದುದು ಯಾವುದು? ಮೊಟ್ಟಮೊದಲನೆಯದು, ಕಳೆದುಹೋದ ಬಲವನ್ನು ಹಿಂದಕ್ಕೆ ಪಡೆಯುವುದು. ಹಳೆಯ ಯೆಜ್ಡಿಯು ತನ್ನ 16 ಅಶ್ವಗಳಲ್ಲಿ ಕೆಲವನ್ನು ದಾರಿಯಲ್ಲಿಯೇ ಬಿಟ್ಟು ಬಂದಿರುತ್ತದೆ. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯ ಮಸಿಯು ಹೊಗೆಕಿಂಡಿಯಲ್ಲಿಯೂ ಸೈಲೆನ್ಸರುಗಳಲ್ಲಿಯೂ ಕಟ್ಟಿ ಉಸಿರನ್ನು ತಡೆಯುತ್ತದೆ. ಅದನ್ನು ಕೆರೆದು ತೆಗೆಯಲು ಶ್ರಮವಲ್ಲದೆ ಬೇರೆ ವೆಚ್ಚವಿಲ್ಲ. ಸವೆದ ಸಿಲಿಂಡರನ್ನು ಬೋರು ಮಾಡಿಸಿ ಒಂದಳತೆ ದೊಡ್ಡ ಪಿಸ್ಟನ್ನನ್ನೂ ಹೊಸ ರಿಂಗುಗಳನ್ನೂ ಹಾಕಿಸಿದರೆ ಒತ್ತಡವು ಮರಳುತ್ತದೆ. ಕ್ರ್ಯಾಂಕಿನ ಎರಡು ಬದಿಯ ಸೀಲುಗಳು ಹರಿದಿದ್ದರೆ ಮಿಶ್ರಣವು ಕೆಡುತ್ತದೆ. ಅತ್ಯಲ್ಪ ಬೆಲೆಯ ಈ ರಬ್ಬರಿನ ಬಳೆಗಳನ್ನು ಉಪೇಕ್ಷಿಸಿ ದುಬಾರಿ ಕಾರ್ಬುರೇಟರನ್ನು ಕೊಳ್ಳುವವರನ್ನು ಕುರಿತು ಏನು ಹೇಳಬೇಕು! ಪಾಯಿಂಟಿನ ಅಂತರ, ಕಿಡಿಯ ಸಮಯ, ಇವು ಕೈಯಳತೆಯ ಕೆಲಸಗಳು.

ಮುಂದಿನ ಹೆಜ್ಜೆಯು ಹೆಡ್ಡನ್ನು ಲೇತಿನಲ್ಲಿ ತುಸು ಸವರಿ ಒತ್ತಡವನ್ನು ಹೆಚ್ಚಿಸುವುದು. 65 ಮಿಲಿಮೀಟರಿನ ವ್ಯಾಸಕ್ಕೆ ಅರ್ಧ ಮಿಲಿಮೀಟರು ಸವರಿದರೆ ದಹನದ ಸ್ಥಳವು ಸುಮಾರು 1.7 ಘನ ಸೆಂಟಿಮೀಟರಿನಷ್ಟು ಕಿರಿದಾಗುತ್ತದೆ. ಇಷ್ಟೆಯೇ ಎಂದು ತೋರಬಹುದು. ಆದರೆ ಹೊಸಪೇಟೆಯ ಬೇಸಗೆಯಲ್ಲಿ, ಗಾಳಿಯಿಂದ ಮಾತ್ರ ತಣಿಯುವ ಎಂಜಿನು ಇದಕ್ಕಿಂತ ಮುಂದುವರಿದರೆ ಮಿಶ್ರಣವು ಅಕಾಲದಲ್ಲಿ ಸಿಡಿದು ಪಿಸ್ಟನ್ನಿಗೇ ಅಪಾಯವಾಗುತ್ತದೆ. ಸಂಡೂರಿನ ಸವಾರನಿಗಾದರೆ ಎಂಜಿನನ್ನು ಮುಟ್ಟದೆಯೇ ಒಂದು ಉಪಾಯವಿದೆ: ಚೈನಿನ ಮುಂದಿನ ಸ್ಪ್ರಾಕೆಟಿನಲ್ಲಿ 18 ಹಲ್ಲುಗಳಿರುವಲ್ಲಿ 17 ಹಲ್ಲಿನದನ್ನು ಹಾಕಿದರೆ, ಹಿಂದಿನ ಚಕ್ರದ ಎಳೆತವು ನೂರಕ್ಕೆ ಆರರಷ್ಟು ಹೆಚ್ಚುತ್ತದೆ; ಪರಮಾವಧಿ ವೇಗವು ಅದಕ್ಕೆ ತಕ್ಕಂತೆ ಇಳಿಯುತ್ತದೆ. ಇದರಿಂದ ಅಶ್ವಶಕ್ತಿಯೇನೂ ಹೆಚ್ಚದು. ಆದರೆ ಏರು ಹತ್ತುವವನಿಗೆ ಬೇಕಾದುದು ಅದಲ್ಲವಷ್ಟೆ.

ಅಧಿಕ ಬಲಕ್ಕೆ ಭಾರತದ ಸವಾರನು ಎಷ್ಟು ಬೆಲೆ ಕೊಡಲು ಸಿದ್ಧನಿದ್ದನೆಂಬುದಕ್ಕೂ ಸಾಕ್ಷ್ಯವಿದೆ. 1983ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆಯು ಯಮಾಹಾದ ವಿನ್ಯಾಸದಂತೆ ತಯಾರಿಸಿದ ರಾಜದೂತ್ 350 ಸುಮಾರು 30 ಅಶ್ವಶಕ್ತಿಯದಾಗಿತ್ತು. ಪೆಟ್ರೋಲಿನ ವೆಚ್ಚಕ್ಕೆ ಜನರು ಹೆದರಿದುದರಿಂದ, ಅದರ ಉಸಿರನ್ನು ಬೇಕೆಂದೇ ಬಿಗಿದು ಸುಮಾರು 27ಕ್ಕೆ ಇಳಿಸಿದ ಮಾದರಿಯನ್ನು ಮಾರಬೇಕಾಯಿತು. 1985ರಲ್ಲಿ ಬಂದ 100ರ ಹೀರೋ ಹೋಂಡಾ ಬಂಡಿಯು ಬಲದ ಮಾತನ್ನೇ ಆಡದೆ, ಲೀಟರಿಗೆ ಓಡುವ ದೂರವನ್ನು ಮುಂದಿಟ್ಟು ಪೇಟೆಯನ್ನು ಗೆದ್ದಿತು. ಯಾದವಗಿರಿಯ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಮೂಲ ಬಿಡಿಭಾಗಗಳು ವಿರಳವಾದುದರಿಂದ, ಪ್ರತಿಯೊಂದು ಸಿಲಿಂಡರನ್ನೂ ಅದು ಇನ್ನೆಷ್ಟು ಬೋರುಗಳನ್ನು ತಾಳಬಲ್ಲದೆಂದು ಎಣಿಸಿಯೇ ಲೇತಿಗೆ ಕೊಡಬೇಕಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನೋಂದಣಿಯ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಮಸಿ ಕೆರೆಯುವುದಕ್ಕೂ ಸೀಲು ಬದಲಿಸುವುದಕ್ಕೂ ಅದರ ಅಡ್ಡಿಯಿಲ್ಲ.