ಆಯ್ಕೆಯಾದವರು, ಮರಳಿ ಬಂದವರು: ನಮ್ಮ ಭಾಗದ ಕ್ರೀಡಾ ಇತಿಹಾಸದ ಬರೆಯದ ಪುಟ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಕ್ರೀಡಾ ಇತಿಹಾಸ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿದಾಗ ಸಂತೋಷದಿಂದಲೇ ಒಪ್ಪಿಕೊಂಡೆ. ಮಿಶ್ರಿಕೋಟಿಯ ಇದೇ ಶಾಲೆಯ ಅಂಗಳದಲ್ಲಿ ಬರಿಗಾಲಲ್ಲಿ ಖೋ-ಖೋ ಆಡಿ ಬೆಳೆದವನು ನಾನು. ಮುಂದೆ ದೈಹಿಕ ಶಿಕ್ಷಕನಾಗಿ ಬೇರೆ ಬೇರೆ ಊರುಗಳಲ್ಲಿ ಸೇವೆ ಸಲ್ಲಿಸುತ್ತಾ ಬಂದಿದ್ದೇನೆ. ಬರೆಯಲೆಂದು ಶಾಲೆಗೆ ಬಂದು ಕಪಾಟಿನೊಳಗಿನ ಕಪ್ಪುಗಳನ್ನು, ಗೋಡೆಯ ಮೇಲಿನ ತಂಡದ ಫೋಟೋಗಳನ್ನು ನೋಡಿದೆ. ಯಾರು ಗೆದ್ದರು, ಯಾರು ಕ್ರೀಡಾ ನಿಲಯಕ್ಕೆ ಆಯ್ಕೆಯಾದರು ಎಂಬುದು ಗೊತ್ತಾಗುತ್ತದೆ. ಆದರೆ ಹಾಗೆ ಹೋದವರಲ್ಲಿ ಎಷ್ಟು ಜನ ಅಲ್ಲಿ ಉಳಿದರು, ಎಷ್ಟು ಜನ ಮರಳಿ ಬಂದರು, ಏಕೆ ಬಂದರು ಎಂಬುದು ಎಲ್ಲಿಯೂ ಇಲ್ಲ. ಮರಳಿ ಬಂದವರಲ್ಲಿ ನಾನೂ ಒಬ್ಬ. ಆದ್ದರಿಂದ ಆ ಪುಟವನ್ನೇ ಬರೆಯುತ್ತೇನೆ.

1987ರಲ್ಲಿ ನಾನು ಎಂಟನೆಯ ತರಗತಿಗೆ ಸೇರುವ ಹೊತ್ತಿಗೆ ಒಂದು ಕ್ರೀಡಾ ನಿಲಯಕ್ಕೆ ಆಯ್ಕೆಯಾದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿಯವರು ಯಾರೂ ನನಗೆ ಕೇಡು ಬಯಸಿದವರಲ್ಲ. ಅಪ್ಪ ತಗಡಿನ ಟ್ರಂಕು ಹೊತ್ತುಕೊಂಡು ಬಸ್ಸಿನಲ್ಲಿ ಬಂದು ನನ್ನನ್ನು ಬಿಟ್ಟು, ಬಿತ್ತಿಗೆಯ ದಿನಗಳಾದ್ದರಿಂದ ಅಂದೇ ಊರಿಗೆ ಹೊರಟುಹೋದ. ಹೊಟ್ಟೆ ತುಂಬ ಊಟವಿತ್ತು. ಜೀವನದಲ್ಲಿ ಮೊದಲ ಸಲ ಬೂಟು ಹಾಕಿಕೊಂಡು ಓಡಿದೆ. ಸೆಪ್ಟೆಂಬರಿನಲ್ಲಿ ಮೊಣಕಾಲು ಉಳುಕಿತು. ಓಡಲಾಗದ ಹುಡುಗನಿಗೆ ಅಲ್ಲಿ ಮಾಡುವ ಕೆಲಸವೇ ಇರಲಿಲ್ಲ. ಮೈದಾನದ ಅಂಚಿನಲ್ಲಿ ಕೂತು ಉಳಿದವರ ಬೂಟು ಕಾಯುತ್ತಿದ್ದೆ. ಯಾರೂ ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಮನೆಗೆ ಎರಡು ಕಾರ್ಡು ಬರೆದೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ.

ದೀಪಾವಳಿಗೆ ಊರಿಗೆ ಬಂದವನು ತಿರುಗಿ ಹೋಗಲಿಲ್ಲ. “ಇರ್ಲಿ ಬಿಡು, ಸುಗ್ಗಿ ಮುಗೀಲಿ, ಆಮ್ಯಾಲ ನೋಡೂಣು” ಎಂದ ಅಪ್ಪ. ಸುಗ್ಗಿ ಮುಗಿಯುವಷ್ಟರಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಿದ್ದರು. ವರ್ಗಾವಣೆ ಪತ್ರ ಬರುವುದು ತಡವಾಯಿತು. ನಮ್ಮ ಗುರುಗಳು ಅದಕ್ಕೆ ಕಾಯದೆ ತರಗತಿಯಲ್ಲಿ ಕೂರಿಸಿಕೊಂಡದ್ದರಿಂದ ಒಂದು ವರ್ಷ ಉಳಿಯಿತು. ಆದರೆ ಕಟ್ಟೆಯ ಮೇಲೆ ಕೂತವರ ಬಾಯಿ ಮುಚ್ಚುವವರು ಯಾರು? “ಓಡಾಕ ಹೋದಂವ ಓಡಿ ಬಂದ ನೋಡ್ರಿ” ಎಂದು ನಕ್ಕರು. ನನ್ನಲ್ಲೇ ಏನೋ ಕೊರತೆಯಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

ಅದೇ 1987ರಲ್ಲಿ ನಮ್ಮ ತಾಲೂಕಿನ ಆಚೆಬದಿಯಲ್ಲೇ ಇದಕ್ಕಿಂತ ದೊಡ್ಡ ಪ್ರಯೋಗವೊಂದು ನಡೆಯುತ್ತಿತ್ತು ಎಂಬುದು ನನಗೆ ತಿಳಿದದ್ದು ಶಿಕ್ಷಕನಾದ ಮೇಲೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಬಳಿಕ, 1984ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಥಾಪನೆಯಾಯಿತು. ಗುಡ್ಡಗಾಡು, ಕರಾವಳಿ ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ ಪ್ರತಿಭೆ ಹುಡುಕಲು ಅದು ‘ವಿಶೇಷ ಪ್ರದೇಶ ಕ್ರೀಡೆ’ ಎಂಬ ಯೋಜನೆ ತಂದಿತು. ಅದರಡಿ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಈ ಮೂರೂ ತಾಲೂಕುಗಳು ನಮ್ಮ ಕಲಘಟಗಿಗೆ ಹೊಂದಿಕೊಂಡೇ ಇವೆ. ನಮ್ಮ ತಾಲೂಕಿನಲ್ಲೂ ಸಿದ್ದಿಗಳ ಮನೆಗಳಿವೆ. ಶತಮಾನಗಳ ಹಿಂದೆ ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿಯಿದು. ಆಫ್ರಿಕಾ ಮೂಲದವರು, ಆದ್ದರಿಂದ ಹುಟ್ಟು ಓಟಗಾರರು ಎಂಬುದು ಆರಿಸಿದವರ ಲೆಕ್ಕಾಚಾರ. ಮನುಷ್ಯನ ರಕ್ತದಿಂದ ಪದಕ ಎಣಿಸುವ ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಓಟ ಕಲಿತು ಬರುವುದೇ ಹೊರತು ಹುಟ್ಟಿಬರುವುದಲ್ಲ. ಆದರೂ ಕಾಡಿನಂಚಿನ ಬಡ ಮಕ್ಕಳಿಗೆ ಒಂದು ಬಾಗಿಲು ತೆರೆದದ್ದು ನಿಜ. ಹರ್ಡಲ್ಸ್‌ನಲ್ಲಿ ಹೆಸರು ಮಾಡಿದ ಕಮಲಾ ಸಿದ್ದಿ, ಓಟದಲ್ಲಿ ಜೂಜೆ ಜಾಕಿ ಹರ್ನೋಡ್ಕರ್ ಮುಂತಾದವರು ಆ ಬಾಗಿಲಿನಿಂದಲೇ ಬಂದವರು.

1993ರಲ್ಲಿ ಆ ಬಾಗಿಲು ಮುಚ್ಚಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ನೌಕರಿ ಸಿಕ್ಕ ಮೇಲೆ ಓಟ ಬಿಟ್ಟವರೂ ಇದ್ದರು. ಹಸಿದ ಮನೆಯ ಮಗ ಪದಕಕ್ಕಿಂತ ಪಗಾರ ಆರಿಸಿಕೊಂಡರೆ ತಪ್ಪೆನ್ನಲು ನಾವು ಯಾರು? ಏನೂ ಸಿಗದವರು ತಮ್ಮ ಊರಿಗೆ, ಕೂಲಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿ ಸೇರಿದ್ದು 2003ರಲ್ಲಿ. ನಮ್ಮ ಧಾರವಾಡ ಜಿಲ್ಲೆಯ ಸಿದ್ದಿಗಳು ಇನ್ನೂ ಕಾಯಬೇಕಾಯಿತು. ಶಿಷ್ಯವೇತನಕ್ಕೆ, ನೌಕರಿಗೆ ಆಸರೆಯಾಗಬಹುದಾಗಿದ್ದ ಆ ಪ್ರಮಾಣಪತ್ರ ಓಡುವ ದಿನಗಳಲ್ಲಿ ಆ ಮಕ್ಕಳ ಕೈಯಲ್ಲಿರಲಿಲ್ಲ.

ಇದೇ ಯೋಜನೆಯಿಂದ ಬಂದ ರಾಜಸ್ಥಾನದ ಬಿಲ್ಲುಗಾರ ಲಿಂಬಾ ರಾಮ್ 1988, 1992 ಮತ್ತು 1996ರ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕಾಗಿ ಆಡಿದರು. ಅಂದರೆ ಹುಡುಕಿದ ರೀತಿ ಪೂರ್ತಿ ವ್ಯರ್ಥವಾಗಿರಲಿಲ್ಲ. ಹುಡುಕಿದವರನ್ನು ಉಳಿಸಿಕೊಳ್ಳುವುದು ಬೇರೆಯದೇ ಕೆಲಸ, ಅದನ್ನು ಯಾರೂ ತಮ್ಮ ಹೊಣೆಯೆಂದು ತಿಳಿಯಲಿಲ್ಲ.

ಉಳಿಸಿಕೊಳ್ಳುವ ಲೆಕ್ಕ ಜಗತ್ತಿನಲ್ಲಿ ಎಲ್ಲಾದರೂ ಇದೆಯೇ? ನನ್ನ ಸಹಪಾಠಿಯೊಬ್ಬರ ಮಗ ಅಮೆರಿಕದಲ್ಲಿ ಓದುತ್ತಾನೆ. ಅಲ್ಲಿಯ ಕಾಲೇಜುಗಳ ಫುಟ್‌ಬಾಲ್ ವಿಷಯ ಅವನಿಂದ ಕೇಳಿ, ಆಮೇಲೆ ಓದಿ ತಿಳಿದುಕೊಂಡೆ. ಅದು ನಾವು ಕಾಲಲ್ಲಿ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಬಹಳ ಕಾಲ ಅಲ್ಲಿಯ ದೊಡ್ಡ ಕಾಲೇಜು ತಂಡವೊಂದು ಒಟ್ಟು 85 ಆಟಗಾರರಿಗೆ ಮಾತ್ರ ವಿದ್ಯಾರ್ಥಿವೇತನ ಕೊಡಬಹುದಿತ್ತು, ವರ್ಷಕ್ಕೆ 25 ಹೊಸಬರನ್ನು ಸೇರಿಸಿಕೊಳ್ಳಬಹುದಿತ್ತು. ನಾಲ್ಕು ವರ್ಷಕ್ಕೆ 25ರಂತೆ 100 ಆಯಿತು, ಜಾಗ ಇರುವುದು 85. ಅಂದರೆ ಒಂದಷ್ಟು ಜನ ನಡುವೆಯೇ ಬಿಟ್ಟುಹೋಗುತ್ತಾರೆ ಎಂಬುದು ನಿಯಮದ ಹೊಟ್ಟೆಯಲ್ಲೇ ಇತ್ತು. 2018ರಲ್ಲಿ ಕಾಲೇಜು ಬದಲಿಸಬಯಸುವ ಆಟಗಾರರ ಹೆಸರು ದಾಖಲಿಸಲು ಒಂದು ಪಟ್ಟಿಯೂ ಬಂತು. ಮೊದಲು ಹೊಸ ಕಾಲೇಜಿಗೆ ಹೋದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲದ ಮಟ್ಟಿಗೆ ಆ ಕಟ್ಟು ಸಡಿಲವಾಯಿತು. ಅಂದಿನಿಂದ ತರಬೇತುದಾರರು ಹೊಸಬರನ್ನು ಕರೆತರುವಷ್ಟೇ ಶ್ರಮ ಇದ್ದವರನ್ನು ಉಳಿಸಿಕೊಳ್ಳಲೂ ಪಡಬೇಕಾಗಿದೆ.

ಅಲ್ಲಿ ಎಲ್ಲವೂ ಚೆಂದವೆಂದು ಹೇಳುತ್ತಿಲ್ಲ. ಹಣದ ಆಟ ಅದು, ಹೊಸಬನಿಗೆ ಜಾಗ ಮಾಡಲು ಹಳಬನನ್ನು ಹೊರದಬ್ಬುವುದೂ ಉಂಟು. ಆದರೆ ಬಿಟ್ಟುಹೋದವರನ್ನು ಅವರು ಎಣಿಸುತ್ತಾರೆ. ನಾವು ಎಣಿಸುವುದಿಲ್ಲ. ಎಣಿಸದಿದ್ದರೆ ಕಾರಣ ಹುಡುಕುವ ಗೋಜೂ ಇಲ್ಲ. ಹುಡುಗನದೇ ತಪ್ಪು ಎಂದು ಕೈತೊಳೆದುಕೊಳ್ಳಬಹುದು.

ನಾನು ಶಿಕ್ಷಕನಾದ ಮೇಲೆ ಕಂಡುಕೊಂಡ ಕಾರಣಗಳು ಬಹಳ ಸಣ್ಣವು. ಮಗು ಮರಳುವುದು ಹೆಚ್ಚಾಗಿ ಮೊದಲ ಹಬ್ಬದ ರಜೆಗೆ. ಎರಡನೆಯದು, ಕಾಲಿಗೆ ಪೆಟ್ಟಾದಾಗ. ಮೂರನೆಯದು, ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾದಾಗ. ಹೆಣ್ಣುಮಕ್ಕಳಾದರೆ ಮದುವೆಯ ಮಾತು ಬಂದಾಗ. ಈ ನಾಲ್ಕೂ ಹೊತ್ತು ಮೊದಲೇ ಗೊತ್ತಿರುವಂಥವು. ಗೊತ್ತಿರುವುದಕ್ಕೆ ಸಿದ್ಧತೆ ಮಾಡಿಕೊಳ್ಳಬಹುದು.

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಿಂದ ಒಬ್ಬ ಹುಡುಗಿ ಕ್ರೀಡಾ ನಿಲಯಕ್ಕೆ ಆಯ್ಕೆಯಾದಳು. ಅವಳ ತಾಯಿ ನೇರವಾಗಿ ಕೇಳಿದರು: “ಸರ್, ಕಾಲ ಮುರಕೊಂಡ ಬಂದ್ರ ಯಾರ ಹೊಣಿ?” ನನ್ನ ಬಳಿ ಉತ್ತರವಿರಲಿಲ್ಲ. ಆದರೂ “ನಾನು ಹೊಣಿ, ಅವ್ವಾರ” ಎಂದುಬಿಟ್ಟೆ. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ಹೋಗಿ ಬಂದೆ. ಮುಂದೆ ಅವಳ ಹಿಮ್ಮಡಿಗೆ ನೋವಾದಾಗ ಎಂಟು ದಿನ ಮನೆಗೆ ಕರೆತಂದು, ಒಂಬತ್ತನೆಯ ದಿನ ನಾನೇ ಬಸ್ಸು ಹತ್ತಿಸಿ ಜೊತೆಗೆ ಹೋದೆ. ಬಸ್ಸಿನಲ್ಲಿ ಅವಳು ಅಳುತ್ತಿದ್ದಳು. ನಾನು 1987ರ ನನ್ನ ಕಥೆ ಹೇಳಿದೆ. ಅವಳು ಉಳಿದಳು. ಪದಕ ದೊಡ್ಡದೇನೂ ಬರಲಿಲ್ಲ, ಆದರೆ ಇಂದು ಪೊಲೀಸ್ ಇಲಾಖೆಯಲ್ಲಿದ್ದಾಳೆ. ಹಾಗೆಯೇ ನಾನು ಕಳಿಸಿದ ಇಬ್ಬರು ಹುಡುಗರು ಮರಳಿ ಬಂದರು. ಆ ವರ್ಷ ನನಗೆ ಹೋಗಿಬರಲು ಆಗಿರಲಿಲ್ಲ. ಅವರ ಮುಂದೆ ಇಂದಿಗೂ ತಲೆ ಎತ್ತಿ ಮಾತಾಡಲು ನನಗೆ ಸಂಕೋಚ.

ಇಂದು ಮುಂಡಗೋಡದಲ್ಲಿ ‘ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಸಿದ್ದಿ ಹಾಗೂ ಸುತ್ತಲಿನ ಸಮುದಾಯಗಳ ಮಕ್ಕಳಿಗೆ ಅವರ ಭಾಗದಲ್ಲಿಯೇ ಓಟ ಕಲಿಸುತ್ತಿದೆ. ದೂರದ ಊರಿಗೆ ಒಯ್ಯುವ ಬದಲು ಮನೆಯ ಸನಿಹ ತರಬೇತಿ ಕೊಟ್ಟರೆ ಮರಳುವ ದಾರಿಯೂ ಹತ್ತಿರವಿರುತ್ತದೆ, ಮಗುವಿನ ಎದೆಯೂ ಗಟ್ಟಿಯಿರುತ್ತದೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆಯಲ್ಲಿ ಕ್ರೀಡಾಪಟುಗಳಿಗೆ ನೌಕರಿಯ ಅವಕಾಶವೂ ಉಂಟು. ಆ ವಿಷಯ ನಮ್ಮ ತಂದೆತಾಯಿಗಳಿಗೆ ಮಗು ಹೊರಡುವ ದಿನವೇ ತಿಳಿದಿರಬೇಕು.

ಸುವರ್ಣ ಮಹೋತ್ಸವ ಸಮಿತಿಯವರಲ್ಲಿ, ಶಾಲೆಯ ಗುರುವೃಂದದಲ್ಲಿ ನನ್ನದೊಂದು ವಿನಂತಿ. ಕಪ್ಪುಗಳ ಕಪಾಟಿನಲ್ಲೇ ಒಂದು ದಪ್ಪ ರಜಿಸ್ಟರ್ ಇಡೋಣ. ಇಲ್ಲಿಂದ ಕ್ರೀಡಾ ನಿಲಯಕ್ಕೆ, ತರಬೇತಿ ಕೇಂದ್ರಕ್ಕೆ ಹೋಗುವ ಪ್ರತಿ ಮಗುವಿನ ಹೆಸರು, ಹೋದ ದಿನ, ಮೊದಲ ಮೂರು ತಿಂಗಳಲ್ಲಿ ಯಾರು ಹೋಗಿ ನೋಡಿ ಬಂದರು, ಮರಳಿದರೆ ಏಕೆ ಮರಳಿತು ಎಂದು ಅದರಲ್ಲಿ ಬರೆಯೋಣ. ಹಳೆಯ ವಿದ್ಯಾರ್ಥಿಗಳು ತಮ್ಮ ಕಥೆಯನ್ನು ತಾವೇ ಬಂದು ಬರೆಯಬಹುದು. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಮೊದಲ ಸಾಲು ನನ್ನದಿರಲಿ: 1987, ಜೂನ್‌ನಲ್ಲಿ ಹೋದೆ, ದೀಪಾವಳಿಗೆ ಬಂದೆ, ಮೊಣಕಾಲು ನೋಯುತ್ತಿತ್ತು, ನೋಡಲು ಯಾರೂ ಬಂದಿರಲಿಲ್ಲ.